ಪೆನ್‌ಡ್ರೈವ್ ಕೀಳುವ ಮುನ್ನ

ತಾಲ್ಲೂಕು ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಆಗಲೇ ಜನ ಸೇರಿರುತ್ತಾರೆ. ರಾಮನಗರವಾಗಲಿ, ಚನ್ನಪಟ್ಟಣವಾಗಲಿ, ಕನಕಪುರವಾಗಲಿ, ಮಾಗಡಿಯಾಗಲಿ, ನೋಟ ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ವಂಶವೃಕ್ಷದ ಅಫಿಡವಿಟ್ಟು, ಪಕ್ಕದಲ್ಲಿ ನಿಂತ ಹುಡುಗಿಗೆ ಕಾಲೇಜಿಗೆ ಕೊಡಬೇಕಾದ ಪ್ರಾಜೆಕ್ಟಿನ ಪ್ರಿಂಟು. ಕೌಂಟರಿನ ಮೇಲೆ ಒಂದರ ಹಿಂದೊಂದು ಪೆನ್‌ಡ್ರೈವ್ ಬರುತ್ತದೆ. ಆಪರೇಟರ್ ಒಂದನ್ನು ಚುಚ್ಚಿ, ಫೈಲು ತೆರೆದು, ಹೆಸರಿನಲ್ಲಿ ಒಂದಕ್ಷರ ತಿದ್ದಿ, ಸೇವ್ ಒತ್ತಿ, ಪ್ರಿಂಟ್ ಕೊಟ್ಟು, ಅದೇ ಕೈಯಲ್ಲಿ ಕಿತ್ತು ಮುಂದಿನವರದನ್ನು ಚುಚ್ಚುತ್ತಾರೆ. ‘ಅಣ್ಣ, ಎಜೆಕ್ಟ್ ಕೊಡಲ್ವಾ?’ ಎಂದು ಹುಡುಗಿ ಕೇಳಿದರೆ, ‘ಏನೂ ಆಗಲ್ಲ ಬಿಡಮ್ಮ, ಈಗೆಲ್ಲಾ ಹಂಗೇ ತೆಗೀಬಹುದು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಬಹುತೇಕ ಸಲ ನಿಜವಾಗಿಯೂ ಏನೂ ಆಗುವುದಿಲ್ಲ. ಆಗುವ ಒಂದು ಸಲ ಮಾತ್ರ ಗೊತ್ತಾಗುವುದು ತಡವಾಗಿ. ಕಾಲೇಜಿನಲ್ಲೋ ಮನೆಯಲ್ಲೋ ಪೆನ್‌ಡ್ರೈವ್ ತೆರೆದು ನೋಡಿದರೆ ಫೈಲಿನ ಹೆಸರಿದೆ, ಗಾತ್ರ ಸೊನ್ನೆ. ಇಲ್ಲವೇ ಫೋಲ್ಡರ್ ಒಳಗಿನ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿವೆ. ಇಲ್ಲವೇ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ’ ಎಂದು ಕಂಪ್ಯೂಟರ್ ಕೇಳುತ್ತಿದೆ.

ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಯಾವ ಅರ್ಧ ನಿಜ ಎಂದು ತಿಳಿಯಬೇಕಾದರೆ ಸೇವ್ ಒತ್ತಿದ ಮೇಲೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸೇವ್ ಆದದ್ದು ಎಲ್ಲಿಗೆ?

ಸೇವ್ ಅಥವಾ ಪೇಸ್ಟ್ ಕೊಟ್ಟೊಡನೆ ಫೈಲು ನೇರವಾಗಿ ಪೆನ್‌ಡ್ರೈವಿಗೆ ಇಳಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಡುವೆ ಕಂಪ್ಯೂಟರಿನ ಮೆಮೊರಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ ನಿಂತಿರುತ್ತದೆ. ರ‍್ಯಾಮ್ ಸೆಕೆಂಡಿಗೆ ಸಾವಿರಾರು ಎಂಬಿ ನುಂಗಬಲ್ಲದು. ಅಗ್ಗದ ಪೆನ್‌ಡ್ರೈವಿಗೆ ಸೆಕೆಂಡಿಗೆ ಹತ್ತಿಪ್ಪತ್ತು ಎಂಬಿ ಬರೆಯುವುದೇ ಹೆಚ್ಚು. ನಿಧಾನದ ಪೆನ್‌ಡ್ರೈವಿಗಾಗಿ ಬಳಕೆದಾರರನ್ನು ಕಾಯಿಸಬಾರದೆಂದು ಕಂಪ್ಯೂಟರ್ ಫೈಲನ್ನು ರ‍್ಯಾಮ್‌ಗೆ ತೆಗೆದುಕೊಂಡು ‘ಆಯಿತು’ ಎಂದುಬಿಡುತ್ತದೆ. ಆಮೇಲೆ ಹಿನ್ನೆಲೆಯಲ್ಲಿ, ಬಿಡುವಾದಂತೆ, ಪೆನ್‌ಡ್ರೈವಿಗೆ ಬರೆಯುತ್ತದೆ. ಪರದೆಯ ಮೇಲಿನ ಹಸಿರು ಪಟ್ಟಿ ತುದಿ ಮುಟ್ಟಿ ಮಾಯವಾಗುವುದಕ್ಕೂ ಪೆನ್‌ಡ್ರೈವಿನಲ್ಲಿ ಬರವಣಿಗೆ ಮುಗಿಯುವುದಕ್ಕೂ ನಡುವೆ ಹೀಗೆ ಅಂತರ ಬೀಳುತ್ತದೆ.

ಈ ಅಂತರ ಎದ್ದು ಕಾಣುವುದು ಲಿನಕ್ಸ್‌ನಲ್ಲಿ. ಮೆಮೊರಿಯಲ್ಲಿ ಕಾದಿರುವ ದತ್ತಾಂಶವನ್ನು ಡಿಸ್ಕಿಗೆ ಕಳಿಸಲು ಅದು ಸಾಮಾನ್ಯವಾಗಿ 30 ಸೆಕೆಂಡಿನವರೆಗೂ ತಡೆಯಬಲ್ಲದು. ಕೇರಳದ ಶಾಲೆಗಳಲ್ಲಿ ಅಲ್ಲಿನ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲೇ. ಅಂಥ ಕಂಪ್ಯೂಟರಿನಲ್ಲಿ ದೊಡ್ಡ ವಿಡಿಯೊ ಕಾಪಿ ಮಾಡಿ ಎಜೆಕ್ಟ್ ಒತ್ತಿದರೆ, ‘ಇನ್ನೂ ಬರೆಯುತ್ತಿದೆ, ಕೀಳಬೇಡಿ’ ಎಂಬ ಅರ್ಥದ ಸಂದೇಶ ಕೆಲವು ನಿಮಿಷ ನಿಂತುಬಿಡುವುದುಂಟು. ಕಾಪಿ ಮುಗಿದದ್ದು ಪರದೆಯ ಮೇಲೆ ಮಾತ್ರ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಎಜೆಕ್ಟ್ ಅಥವಾ ‘ಸೇಫ್ಲಿ ರಿಮೂವ್’ ಒತ್ತಿದಾಗ ಕಂಪ್ಯೂಟರ್ ಮೆಮೊರಿಯಲ್ಲಿ ಉಳಿದದ್ದನ್ನೆಲ್ಲ ಆ ಕ್ಷಣವೇ ಡ್ರೈವಿಗೆ ಬರೆಯುತ್ತದೆ. ಡ್ರೈವಿನ ಯಾವುದಾದರೂ ಫೈಲು ಎಲ್ಲಾದರೂ ತೆರೆದಿದೆಯೇ ಎಂದು ನೋಡುತ್ತದೆ. ಆಮೇಲೆ ಹೊಸದಾಗಿ ಏನನ್ನೂ ಬರೆಯದಂತೆ ಬಾಗಿಲು ಹಾಕಿ ‘ಈಗ ತೆಗೆಯಬಹುದು’ ಎನ್ನುತ್ತದೆ.

ಲಾಟ್ ನಂಬರ್ ಬೀಳದ ಗೂಡು

ಬರವಣಿಗೆ ನಡುವೆ ನಿಂತರೆ ಕೊನೆಯ ಒಂದೆರಡು ಪುಟ ಹೋಗಬಹುದು, ಇಡೀ ಫೋಲ್ಡರ್ ಏಕೆ ಹೋಗುತ್ತದೆ? ಇದು ನ್ಯಾಯವಾದ ಪ್ರಶ್ನೆ. ಉತ್ತರವಿರುವುದು ಪೆನ್‌ಡ್ರೈವ್ ತನ್ನ ಲೆಕ್ಕ ಇಡುವ ಬಗೆಯಲ್ಲಿ.

ಫೈಲೊಂದು ಡ್ರೈವಿನಲ್ಲಿ ಒಂದೇ ಕಡೆ ಇಡಿಯಾಗಿ ಕೂತಿರಬೇಕೆಂದಿಲ್ಲ. ತುಂಡುತುಂಡಾಗಿ ಬೇರೆಬೇರೆ ಕಡೆ ಇರಬಹುದು. ಯಾವ ಫೈಲಿನ ಯಾವ ತುಂಡು ಎಲ್ಲಿದೆ ಎಂಬುದನ್ನು ಡ್ರೈವಿನ ಆರಂಭದಲ್ಲಿರುವ ಒಂದು ಕೋಷ್ಟಕ ಹೇಳುತ್ತದೆ. ಹೆಚ್ಚಿನ ಪೆನ್‌ಡ್ರೈವ್‌ಗಳಲ್ಲಿ ಈಗಲೂ ಇರುವ ‘ಫ್ಯಾಟ್’ ಪದ್ಧತಿಯ ಮೂಲ 1977ರದು. ಅದರ ಫ್ಯಾಟ್32 ರೂಪ ಬಂದದ್ದು 1996ರಲ್ಲಿ. ಟಿವಿ, ಕಾರಿನ ಸ್ಟೀರಿಯೊ, ಕ್ಯಾಮೆರಾ ಎಲ್ಲವಕ್ಕೂ ಅರ್ಥವಾಗುತ್ತದೆ ಎಂಬ ಕಾರಣಕ್ಕೆ ಅದು ಇಷ್ಟು ಕಾಲ ಬಾಳಿದೆ.

ಒಂದು ಫೈಲು ಬರೆಯುವುದೆಂದರೆ ಅದರ ಒಳಗಿನ ಅಂಶವನ್ನು ಇಡುವುದು, ಕೋಷ್ಟಕದಲ್ಲಿ ವಿಳಾಸ ತುಂಬುವುದು, ಫೋಲ್ಡರಿನಲ್ಲಿ ಹೆಸರು ಮತ್ತು ಗಾತ್ರ ದಾಖಲಿಸುವುದು, ಇಷ್ಟೂ ಆಗಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರಿಗೆ ಇದು ಬೇಗ ಹೊಳೆಯುತ್ತದೆ. ರೈತ ತಂದ ಗೂಡು ಕಣ್ಣೆದುರಿಗೇ ರಾಶಿ ಬಿದ್ದಿರಬಹುದು. ಲಾಟ್ ನಂಬರ್ ಬಿದ್ದು ದಾಖಲಾಗುವವರೆಗೆ ಹರಾಜಿನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಪೆನ್‌ಡ್ರೈವ್ ನಡುವೆ ಕಿತ್ತಾಗಲೂ ಹೀಗೇ. ಅಕ್ಷರಗಳೆಲ್ಲ ಒಳಗೆ ಇಳಿದಿದ್ದರೂ ಗಾತ್ರ ದಾಖಲಾಗದಿದ್ದರೆ ಫೈಲು ಸೊನ್ನೆ ಎಂದು ತೋರುತ್ತದೆ.

ಇದಕ್ಕಿಂತ ಕೆಟ್ಟದ್ದು ಕೋಷ್ಟಕವನ್ನೇ ತಿದ್ದುತ್ತಿರುವಾಗ ಸಂಪರ್ಕ ಕಡಿಯುವುದು. ಆಗ ಆ ದಿನ ಮುಟ್ಟಿಯೂ ಇರದ ಹಳೆಯ ಫೈಲುಗಳ ವಿಳಾಸವೂ ಕಲಸಿಹೋಗುತ್ತದೆ. ‘ನಾನು ತೆರೆದದ್ದು ಒಂದು ಫೈಲು, ಹೋದದ್ದು ಮಗಳ ನಾಮಕರಣದ ಫೋಟೊ’ ಎಂಬಂಥ ಅಳಲಿನ ಹಿಂದೆ ಇರುವುದು ಇದೇ. ಫ್ಯಾಟ್32 ಕೋಷ್ಟಕದ ಎರಡು ಪ್ರತಿ ಇಡುತ್ತದೆ. 64 ಜಿಬಿ ಮತ್ತು ಅದಕ್ಕೂ ದೊಡ್ಡ ಪೆನ್‌ಡ್ರೈವ್, ಕಾರ್ಡುಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ಮಾತ್ರ ಹೆಚ್ಚಾಗಿ ಒಂದೇ ಪ್ರತಿ ಇಡುತ್ತದೆ. ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿರುವ ಎನ್‌ಟಿಎಫ್‌ಎಸ್ ಪದ್ಧತಿ ತಾನು ಮಾಡಹೊರಟ ಬದಲಾವಣೆಯನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಳ್ಳುವುದರಿಂದ ಇಂಥ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತದೆ. ನಿತ್ಯ ಕೈಯಿಂದ ಕೈಗೆ ಹೋಗುವ ಪೆನ್‌ಡ್ರೈವಿಗೆ ಆ ರಕ್ಷಣೆ ಇಲ್ಲದಿರುವುದು ನಿಜಕ್ಕೂ ದುರದೃಷ್ಟ.

ಮೈಕ್ರೋಸಾಫ್ಟ್ ಬದಲಿಸಿದ ನಿಯಮ

‘ಈಗೆಲ್ಲಾ ಹಂಗೇ ತೆಗೀಬಹುದು’ ಎಂಬ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. 2018ರ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಮೈಕ್ರೋಸಾಫ್ಟ್ ಹೊರಗಿನ ಡ್ರೈವ್‌ಗಳಿಗೆ ‘ಕ್ವಿಕ್ ರಿಮೂವಲ್’ ಎಂಬ ನಡವಳಿಕೆಯನ್ನು ಸಹಜ ಆಯ್ಕೆಯಾಗಿ ಮಾಡಿತು. ಅದಕ್ಕೆ ಮುಂಚೆ ಇದ್ದದ್ದು ‘ಬೆಟರ್ ಪರ್ಫಾರ್ಮೆನ್ಸ್’. ಹಳೆಯದರಲ್ಲಿ ವೇಗಕ್ಕಾಗಿ ಮೆಮೊರಿಯಲ್ಲಿ ತಡೆದು ಬರೆಯುತ್ತಿತ್ತು. ಹೊಸದರಲ್ಲಿ ವೇಗ ಸ್ವಲ್ಪ ಕಡಿಮೆಯಾದರೂ ತಡೆಯದೆ ಬರೆಯುತ್ತದೆ. 2019ರಲ್ಲಿ ಈ ಸುದ್ದಿ ಜಗತ್ತಿನಾದ್ಯಂತ ‘ಇನ್ನು ಎಜೆಕ್ಟ್ ಬೇಕಿಲ್ಲ’ ಎಂಬ ತಲೆಬರಹದೊಂದಿಗೆ ಹರಡಿತು.

ತಲೆಬರಹದಲ್ಲಿ ಬಿಟ್ಟುಹೋದದ್ದೇ ಮುಖ್ಯವಾದದ್ದು. ಕಾಪಿ ನಡೆಯುತ್ತಿರುವಾಗ ಕೀಳಬಹುದು ಎಂದು ಯಾರೂ ಹೇಳಿಲ್ಲ. ವರ್ಡ್‌ನಲ್ಲೋ ಪೇಜ್‌ಮೇಕರಿನಲ್ಲೋ ಫೈಲು ತೆರೆದೇ ಇದ್ದರೆ ಈ ಸೌಲಭ್ಯ ಕಾಪಾಡುವುದಿಲ್ಲ. ಯಾರಾದರೂ ವೇಗಕ್ಕಾಗಿ ಹಳೆಯ ಆಯ್ಕೆಯನ್ನೇ ಮತ್ತೆ ಹಾಕಿಕೊಂಡಿದ್ದರೆ ಹೊಸ ನಿಯಮ ಆ ಡ್ರೈವಿಗೆ ಅನ್ವಯಿಸುವುದಿಲ್ಲ. ಆ್ಯಪಲ್ ಕಂಪ್ಯೂಟರ್ ಮತ್ತು ಲಿನಕ್ಸ್‌ಗೆ ಮೈಕ್ರೋಸಾಫ್ಟ್ ನಿಯಮದ ಸಂಬಂಧವೇ ಇಲ್ಲ. ಅಲ್ಲಿ ಎಜೆಕ್ಟ್ ಇಂದಿಗೂ ಬೇಕು. ಇನ್ನು, ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದ ವಿಂಡೋಸ್ 7 ಇನ್ನೂ ಓಡುತ್ತಿರುವ ಅಂಗಡಿಗಳಿವೆ. ಪೆನ್‌ಡ್ರೈವ್ ಕೊಟ್ಟವರಿಗೆ ಎದುರಿನ ಕಂಪ್ಯೂಟರ್ ಯಾವ ಕಾಲದ್ದು, ಯಾವ ಆಯ್ಕೆಯಲ್ಲಿದೆ ಎಂದು ತಿಳಿಯುವ ದಾರಿಯಿಲ್ಲ. ಮನೆಯ ಕಂಪ್ಯೂಟರಿಗೆ ಸರಿಹೋಗುವ ಧೈರ್ಯವನ್ನು ಅಂಗಡಿಗೆ ಒಯ್ಯಬಾರದು ಎನ್ನುವುದು ಇದಕ್ಕೇ.

ಫೋನಿನ ಕಥೆ ಬೇರೆ. ಇಂದಿನ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿದಾಗ ಫೈಲುಗಳ ಲೆಕ್ಕ ಇಡುವುದು ಫೋನೇ. ಕಂಪ್ಯೂಟರ್ ಬೇಕಾದ ಫೈಲು ಕೇಳಿ ಪಡೆಯುತ್ತದೆ ಅಷ್ಟೆ. ಕಾಪಿ ನಡೆಯುತ್ತಿಲ್ಲವೆಂದರೆ ಕೇಬಲ್ ತೆಗೆದರೆ ತೊಂದರೆಯಿಲ್ಲ. ಅದೇ ಫೋನಿಗೆ ಓಟಿಜಿ ಪೆನ್‌ಡ್ರೈವ್ ಚುಚ್ಚಿದ್ದರೆ ಮಾತ್ರ ಮೇಲಿನ ನೋಟಿಫಿಕೇಷನ್‌ನಲ್ಲಿ ಬರುವ ಎಜೆಕ್ಟ್ ಒತ್ತಿಯೇ ತೆಗೆಯಬೇಕು.

ಕರೆಂಟ್ ಹೋದರೆ?

ಎಜೆಕ್ಟ್ ಬಗ್ಗೆ ಇಷ್ಟೆಲ್ಲ ಮಾತಾಡುವಾಗ ನಮ್ಮ ಊರುಗಳಲ್ಲಿ ಮರೆಯುವ ಸಂಗತಿ ಒಂದಿದೆ. ಬೇಸಿಗೆಯ ಮಧ್ಯಾಹ್ನ, ಮುಂಗಾರಿನ ಮೊದಲ ಗಾಳಿಮಳೆ, ಟ್ರಾನ್ಸ್‌ಫಾರ್ಮರ್ ದುರಸ್ತಿ ಎಂದು ಕರೆಂಟ್ ಹೋಗುತ್ತದೆ. ಬ್ಯಾಟರಿ ಇಲ್ಲದ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಚುಚ್ಚಿರುವ ಪೆನ್‌ಡ್ರೈವಿನ ಮಟ್ಟಿಗೆ ಅದೂ ನಡುವೆ ಕಿತ್ತದ್ದೇ. ಯಾರ ಕೈಯೂ ತಾಗಿರುವುದಿಲ್ಲ, ಪರಿಣಾಮ ಮಾತ್ರ ಒಂದೇ. ಯುಪಿಎಸ್ ಇದೆ ಎಂದು ನಿಶ್ಚಿಂತರಾಗಿರುವವರೂ ಅದರ ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತು ಎಂದು ಒಮ್ಮೆ ನೋಡಿಕೊಳ್ಳಬೇಕು.

ಇಂಥ ಕಡೆ ಎಜೆಕ್ಟ್‌ಗಿಂತ ಹೆಚ್ಚು ಕಾಪಾಡುವ ಅಭ್ಯಾಸ ಒಂದಿದೆ: ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೇ ಫೈಲನ್ನು ತಿದ್ದದಿರುವುದು. ಲಗ್ನಪತ್ರಿಕೆಯ ಕರಡನ್ನು ನೋಡಿ. ಗ್ರಾಹಕರು ತಂದ ಪೆನ್‌ಡ್ರೈವಿನಿಂದಲೇ ನುಡಿ ಅಕ್ಷರದ ಫೈಲು ತೆರೆದು, ಮುಹೂರ್ತದ ಸಮಯ ತಿದ್ದಿ, ಸೋದರಮಾವನ ಹೆಸರು ಸೇರಿಸಿ, ನಾಲ್ಕೈದು ಸಲ ಸೇವ್ ಮಾಡುತ್ತಾರೆ. ಪ್ರತಿ ಸೇವ್‌ಗೂ ಕೋಷ್ಟಕ ತಿದ್ದುಪಡಿಯಾಗುತ್ತದೆ. ವರ್ಡ್‌ನಂಥ ತಂತ್ರಾಂಶ ಫೈಲು ತೆರೆದಷ್ಟು ಹೊತ್ತೂ ಅದರ ಪಕ್ಕದಲ್ಲೇ ಕಣ್ಣಿಗೆ ಕಾಣದ ತಾತ್ಕಾಲಿಕ ಫೈಲೊಂದನ್ನು ಇಟ್ಟುಕೊಂಡಿರುತ್ತದೆ. ಮೊದಲೇ ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಅಲ್ಲೇ ಎಲ್ಲ ತಿದ್ದಿ, ಮುಗಿದ ಮೇಲೆ ಒಂದೇ ಸಲ ಪೆನ್‌ಡ್ರೈವಿಗೆ ಹಾಕಿದರೆ ಅಪಾಯದ ಹೊತ್ತು ಅರ್ಧ ಗಂಟೆಯಿಂದ ಕೆಲವು ಸೆಕೆಂಡಿಗೆ ಇಳಿಯುತ್ತದೆ. ಕರೆಂಟ್ ಹೋದರೂ ಗ್ರಾಹಕರ ಮೂಲ ಪ್ರತಿ ಪೆನ್‌ಡ್ರೈವಿನಲ್ಲಿ ಹಾಗೇ ಇರುತ್ತದೆ.

ಚಿನ್ನದ ಬಣ್ಣದ ನಾಲ್ಕು ಪಟ್ಟಿ

ಮಾಮೂಲಿ ಪೆನ್‌ಡ್ರೈವಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಚಿನ್ನದ ಬಣ್ಣದ ನಾಲ್ಕು ಪಟ್ಟಿ ಕಾಣುತ್ತವೆ. ಎರಡು ಅಂಚಿನವು ಉದ್ದ, ನಡುವಿನ ಎರಡು ಸ್ವಲ್ಪ ಗಿಡ್ಡ. ಅಂಚಿನವು ವಿದ್ಯುತ್ತಿಗೆ, ನಡುವಿನವು ದತ್ತಾಂಶಕ್ಕೆ. ಚುಚ್ಚುವಾಗ ಮೊದಲು ವಿದ್ಯುತ್ ಸಿಗಬೇಕು, ಕೀಳುವಾಗ ವಿದ್ಯುತ್ ಕೊನೆಗೆ ಬಿಡಬೇಕು ಎಂದೇ ಹೀಗೆ ಮಾಡಿದ್ದಾರೆ. ವಡೋದರಾದಲ್ಲಿ ಓದಿದ ಅಜಯ್ ಭಟ್ ಇದ್ದ ಇಂಟೆಲ್ ತಂಡ ಮತ್ತು ಇತರ ಕಂಪನಿಗಳು ಸೇರಿ ರೂಪಿಸಿದ ಯುಎಸ್‌ಬಿಯ ಮೊದಲ ಮಾನದಂಡ 1996ರಲ್ಲಿ ಹೊರಬಂತು. ಕಂಪ್ಯೂಟರ್ ಓಡುತ್ತಿರುವಾಗಲೇ ಚುಚ್ಚಿ ತೆಗೆಯಬಹುದು ಎಂಬುದು ಅದರ ದೊಡ್ಡ ಕೊಡುಗೆ. ಆದರೆ ಪಟ್ಟಿಗಳ ಈ ಉದ್ದ ಗಿಡ್ಡ ಕಾಯುವುದು ಯಂತ್ರವನ್ನು, ಒಳಗಿನ ಫೈಲನ್ನಲ್ಲ. ಬಿಡುವ ಆ ಕ್ಷಣಾರ್ಧದಲ್ಲಿ ಬರವಣಿಗೆ ಮುಗಿಸಲು ಆಗದು.

ಒಳಗಿರುವ ಫ್ಲ್ಯಾಶ್ ಮೆಮೊರಿ ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕಾ ಅವರ ಸಂಶೋಧನೆ, 1980ರ ದಶಕದ್ದು. ಕರೆಂಟ್ ಇಲ್ಲದೆಯೂ ಬರೆದದ್ದನ್ನು ಉಳಿಸಿಕೊಳ್ಳುವುದು ಅದರ ಗುಣ. 2000ದಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪೆನ್‌ಡ್ರೈವ್‌ಗಳಲ್ಲಿ ಐಬಿಎಂ ಮಾರಿದ್ದರ ಸಾಮರ್ಥ್ಯ 8 ಎಂಬಿ. ಇಂದಿನ ಫೋನಿನ ಎರಡು ಫೋಟೊ ಹಿಡಿಸುವಷ್ಟು.

ಫ್ಲ್ಯಾಶ್ ಮೆಮೊರಿಗೆ ಒಂದು ಕಷ್ಟವಿದೆ. ಸಣ್ಣ ಭಾಗಗಳಲ್ಲಿ ಬರೆಯಬಹುದು, ಅಳಿಸುವಾಗ ಮಾತ್ರ ದೊಡ್ಡ ಗುಂಪನ್ನೇ ಒಟ್ಟಿಗೆ ಅಳಿಸಬೇಕು. ಹಾಗಾಗಿ ಒಳಗಿನ ಕಂಟ್ರೋಲರ್ ಚಿಪ್ ಆಗಾಗ ದತ್ತಾಂಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ, ಎಲ್ಲಿ ಏನಿದೆ ಎಂಬ ತನ್ನದೇ ನಕ್ಷೆ ಇಟ್ಟುಕೊಂಡಿರುತ್ತದೆ. ಈ ನಕ್ಷೆ ತಿದ್ದುವಾಗ ವಿದ್ಯುತ್ ತಪ್ಪಿದರೆ ಡ್ರೈವೇ ತನ್ನ ಗಾತ್ರ ಮರೆತು ‘ಡಿಸ್ಕ್ ಹಾಕಿ’ ಎಂಬ ಸ್ಥಿತಿಗೆ ಬರಬಹುದು. ಪೆನ್‌ಡ್ರೈವಿನ ಪುಟ್ಟ ದೀಪ ಮಿನುಗುತ್ತಿರುವಾಗ ಕೈ ಹಾಕಬಾರದು ಎನ್ನುವುದಕ್ಕೆ ಇದೂ ಕಾರಣ.

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ ನಿಜವಾದ ಯಂತ್ರವೇ ಇದೆ. ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ಕೇಬಲ್ ಕಿತ್ತರೆ ತಟ್ಟೆಯ ಉಳಿದ ಚಲನೆಯಿಂದಲೇ ಹುಟ್ಟುವ ವಿದ್ಯುತ್ತಿನಲ್ಲಿ ತಲೆ ತರಾತುರಿಯಲ್ಲಿ ಬದಿಗೆ ಸರಿದುಕೊಳ್ಳುತ್ತದೆ. ಒಂದೆರಡು ಸಲ ಇದು ನಡೆಯುತ್ತದೆ. ದಿನವೂ ಮಾಡಿದರೆ ಸವೆಯುತ್ತದೆ. ಎಷ್ಟು ಸಲ ಹೀಗಾಯಿತು ಎಂಬ ಲೆಕ್ಕವನ್ನು ಹಲವು ಡಿಸ್ಕ್‌ಗಳು ತಮ್ಮೊಳಗೇ ಇಟ್ಟಿರುತ್ತವೆ. ಎಜೆಕ್ಟ್ ಕೊಟ್ಟ ಮೇಲೂ ಡಬ್ಬಿಯ ಮೇಲೆ ಕೈಯಿಟ್ಟು, ಸಣ್ಣ ನಡುಕ ನಿಂತ ಮೇಲೆಯೇ ಅದನ್ನು ಎತ್ತಬೇಕು.

ಧಾರೆ ಎರೆಯುವುದು ಒಂದೇ ಸಲ

ಅಫಿಡವಿಟ್ಟು ಹೋದರೆ ಮತ್ತೆ ಟೈಪ್ ಮಾಡಿಸಬಹುದು. ಮದುವೆಯ ಸ್ಟುಡಿಯೊದವರಿಗೆ ಆ ಅನುಕೂಲವಿಲ್ಲ. ಸೀಸನ್‌ನಲ್ಲಿ ಒಂದು ಛತ್ರದಿಂದ ಇನ್ನೊಂದಕ್ಕೆ ಓಡುವಾಗ ಕಾರ್ಡು ತೆಗೆದು, ರೀಡರಿಗೆ ಹಾಕಿ, ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಕಾರ್ಡನ್ನು ಅಳಿಸಿ ಮತ್ತೆ ಕ್ಯಾಮೆರಾಗೆ ಹಾಕುತ್ತಾರೆ. ಕಾಪಿ ಪೂರ್ತಿಯಾಗಿ ಬರೆದಿದೆಯೇ ಎಂದು ನೋಡದೆ ಕಾರ್ಡು ಅಳಿಸುವುದೇ ಇಲ್ಲಿ ಅತಿ ದುಬಾರಿಯ ಅವಸರ. ಎಜೆಕ್ಟ್ ಕೊಟ್ಟು, ಮತ್ತೆ ಚುಚ್ಚಿ, ನಾಲ್ಕಾರು ಫೋಟೊ ತೆರೆದು ನೋಡಿದ ಮೇಲೆ ಅಳಿಸುವ ಸ್ಟುಡಿಯೊಗಳನ್ನು ನಂಬಬಹುದು.

ವಿಡಿಯೊದ್ದು ಇನ್ನೂ ಸೂಕ್ಷ್ಮ. ಎಂಪಿ4 ಬಗೆಯ ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ಹೆಚ್ಚಿನ ಕ್ಯಾಮೆರಾಗಳು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ, ಕೊನೆಯಲ್ಲಿ ಬರೆಯುತ್ತವೆ. ಸ್ಟಾಪ್ ಒತ್ತಿ ಕೆಂಪು ದೀಪ ಆರುವ ಮೊದಲೇ ಕಾರ್ಡು ಎಳೆದರೆ ಒಂದು ಗಂಟೆಯ ದೃಶ್ಯ ಕಾರ್ಡಿನಲ್ಲಿ ಇದ್ದರೂ ಫೈಲು ತೆರೆಯದು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲವಾದ್ದರಿಂದ ಅಂಥ ಕಾರ್ಡಿನಲ್ಲಿ ಉದ್ದದ ವಿಡಿಯೊ ಹಲವು ಫೈಲುಗಳಾಗಿ ಒಡೆಯುತ್ತದೆ. ಇದರಿಂದ ಒಂದು ಅನುಕೂಲವೂ ಇದೆ: ಕೊನೆಯ ತುಂಡು ಹಾಳಾದರೂ ಹಿಂದಿನವು ಉಳಿಯುತ್ತವೆ.

ರಾಮನಗರ, ಚನ್ನಪಟ್ಟಣದ ನಡುವೆ ಹೆದ್ದಾರಿ ಪಕ್ಕದಲ್ಲಿರುವ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಟೇಪಿನ ಕಾಲದವರು. ಹಳ್ಳಿಹಳ್ಳಿಯ ಹಾಡು, ಕತೆಗಳನ್ನು ಅವರ ತಲೆಮಾರು ಹಿಡಿದಿಟ್ಟದ್ದು ಟೇಪಿನ ಮೇಲೆ. ಟೇಪ್ ತುಂಡಾದರೆ ಹೋಗುವುದು ತುಂಡಾದ ಜಾಗದ ಕೆಲವು ಕ್ಷಣ; ಅಂಟಿಸಿ ಉಳಿದದ್ದನ್ನು ಕೇಳಬಹುದಿತ್ತು. ಇಂದು ಸಂಶೋಧನೆಗೆ ಹೋಗುವ ವಿದ್ಯಾರ್ಥಿ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಒಂದು ಪುಟ್ಟ ಕಾರ್ಡಿನಲ್ಲಿ ತುಂಬಿ ತರಬಲ್ಲ. ಆ ಕಾರ್ಡಿನ ಕೋಷ್ಟಕ ಕೆಟ್ಟರೆ ಇಡೀ ರಾತ್ರಿಯೇ ಹೋಗುತ್ತದೆ. ವಯಸ್ಸಾದ ಹಾಡುಗಾರರನ್ನು ಮತ್ತೆ ಅದೇ ಉಸಿರಿನಲ್ಲಿ ಹಾಡಿಸುವುದು ಎಷ್ಟೋ ಸಲ ಸಾಧ್ಯವೇ ಇಲ್ಲ. ಆ ಊರು ಬಿಡುವ ಮೊದಲೇ ಎರಡನೆಯ ಪ್ರತಿ ಮಾಡಿ ಬೇರೆಯವರ ಚೀಲದಲ್ಲಿ ಇಡಬೇಕಾದ ವಸ್ತು ಅದು.

‘ಡಿವೈಸ್ ಬಳಕೆಯಲ್ಲಿದೆ’ ಎಂದರೆ

ಎಜೆಕ್ಟ್ ಒತ್ತಿದರೂ ಕೆಲವೊಮ್ಮೆ ಕಂಪ್ಯೂಟರ್ ಬಿಡುವುದಿಲ್ಲ. ಡಿವೈಸ್ ಬಳಕೆಯಲ್ಲಿದೆ ಎನ್ನುತ್ತದೆ. ಎಲ್ಲ ಮುಚ್ಚಿದ್ದೇನಲ್ಲ ಎಂದು ಸಿಟ್ಟಾಗಿ ಕಿತ್ತುಬಿಡುವುದು ಈ ಹೊತ್ತಿನಲ್ಲೇ. ವರ್ಡ್‌ನಲ್ಲಿ ಫೈಲು ಮುಚ್ಚಿದ್ದರೂ ವರ್ಡ್ ತೆರೆದೇ ಇರಬಹುದು. ಪ್ರಿಂಟರಿಗೆ ಹೋಗುತ್ತಿರುವ ಕೆಲಸ ಮುಗಿದಿರಲಿಕ್ಕಿಲ್ಲ. ಆ್ಯಂಟಿವೈರಸ್ ಪರಿಶೀಲನೆ ನಡೆಸುತ್ತಿರಬಹುದು. ಪೆನ್‌ಡ್ರೈವಿನ ಫೋಲ್ಡರ್ ತೆರೆದ ಕಿಟಕಿಯೇ ಫೋಟೊಗಳ ಚಿಕ್ಕ ಚಿತ್ರ ಸಿದ್ಧಪಡಿಸುತ್ತಾ ಕೂತಿರಬಹುದು.

ತಂತ್ರಾಂಶಗಳನ್ನು ಪೂರ್ತಿ ಮುಚ್ಚಿ, ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿದರೆ ಹೆಚ್ಚಾಗಿ ಬಿಡುತ್ತದೆ. ಬಿಡದಿದ್ದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಪೂರ್ತಿ ಆರಿದ ಮೇಲೆ ತೆಗೆಯುವುದು ಭದ್ರವಾದ ದಾರಿ. ಸ್ಲೀಪ್ ಸಾಲದು, ಎದ್ದ ಮೇಲೆ ಕಂಪ್ಯೂಟರ್ ಡ್ರೈವ್ ಇನ್ನೂ ಅಲ್ಲೇ ಇದೆ ಎಂದೇ ನಂಬಿರುತ್ತದೆ.

ಫೈಲು ಕಾಣೆಯಾದ ಮೇಲೆ

ಹೀಗೆಲ್ಲ ಎಚ್ಚರವಿದ್ದೂ ಒಂದು ದಿನ ಫಾರ್ಮ್ಯಾಟ್ ಕೇಳುವ ಸಂದೇಶ ಬಂದರೆ, ಅದಕ್ಕೆ ‘ಎಸ್’ ಒತ್ತಬಾರದು. ಆ ಡ್ರೈವಿಗೆ ಹೊಸದಾಗಿ ಏನನ್ನೂ ಕಾಪಿ ಮಾಡಬಾರದು. ಕೋಷ್ಟಕ ಕೆಟ್ಟಿದ್ದರೂ ಒಳಗಿನ ಅಂಶ ಬಹುಪಾಲು ಹಾಗೇ ಇರುತ್ತದೆ. ಹೊಸ ಫೈಲು ಬಿದ್ದ ಜಾಗದಲ್ಲಿ ಮಾತ್ರ ಹಳೆಯದು ಶಾಶ್ವತವಾಗಿ ಅಳಿಯುತ್ತದೆ. ವಿಂಡೋಸ್‌ನ ಡಿಸ್ಕ್ ದುರಸ್ತಿ ಆಜ್ಞೆಯೂ ಕೆಲವೊಮ್ಮೆ ಫೈಲುಗಳನ್ನು ಹೆಸರಿಲ್ಲದ ತುಂಡುಗಳನ್ನಾಗಿ ಮಾಡಿ ‘ಫೌಂಡ್.000’ ಎಂಬ ಫೋಲ್ಡರಿನಲ್ಲಿ ಸುರಿದುಬಿಡುತ್ತದೆ. ಅದಕ್ಕೆ ಕೈ ಹಾಕುವ ಮುನ್ನ ಬೇಕಾದ ಫೈಲನ್ನು ಹೊರತೆಗೆಯುವ ಪ್ರಯತ್ನ ಮಾಡಬೇಕು.

ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಕೋಷ್ಟಕವನ್ನು ನೋಡದೆ, ಫೋಟೊ, ವಿಡಿಯೊ, ದಾಖಲೆಗಳ ಆರಂಭದ ಗುರುತನ್ನು ಹುಡುಕಿ ಫೈಲುಗಳನ್ನು ಎತ್ತುತ್ತದೆ. ಎತ್ತಿದ್ದನ್ನು ಬೇರೊಂದು ಡ್ರೈವಿಗೆ ಹಾಕಬೇಕು, ಅದೇ ಪೆನ್‌ಡ್ರೈವಿಗಲ್ಲ. ಫೋಟೊಗಳು ಚೆನ್ನಾಗಿ ಸಿಗುತ್ತವೆ. ತುಂಡುತುಂಡಾಗಿ ಹರಡಿದ ದೊಡ್ಡ ವಿಡಿಯೊಗಳು ಸಿಗುವುದು ಕಷ್ಟ. ಹಳೆಯ ಹೆಸರು, ಫೋಲ್ಡರ್ ಯಾವುದೂ ಉಳಿದಿರುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಸಂಖ್ಯೆ ಹೊತ್ತ ಸಾವಿರಾರು ಫೈಲುಗಳಲ್ಲಿ ಬೇಕಾದದ್ದನ್ನು ಕೂತು ಆರಿಸಬೇಕು.

ಕಂಪ್ಯೂಟರಿಗೆ ಡ್ರೈವ್ ಕಾಣಿಸುವುದೇ ಇಲ್ಲವೆಂದರೆ ತಂತ್ರಾಂಶದಿಂದ ಪ್ರಯೋಜನವಿಲ್ಲ. ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ವಿಚಾರಿಸುವವರು ಒಂದು ಸಂಗತಿ ತಿಳಿದಿರಬೇಕು. ಹಳೆಯ ಪೆನ್‌ಡ್ರೈವ್‌ಗಳಲ್ಲಿ ಕಂಟ್ರೋಲರ್ ಮತ್ತು ಮೆಮೊರಿ ಬೇರೆಬೇರೆ ಚಿಪ್. ಮೆಮೊರಿಯನ್ನು ಬಿಡಿಸಿ ನೇರವಾಗಿ ಓದುವ ಪರಿಣತರಿದ್ದಾರೆ. ಉಗುರಿನಷ್ಟಿರುವ ಈಗಿನ ಎಷ್ಟೋ ಪೆನ್‌ಡ್ರೈವ್‌ಗಳಲ್ಲಿ ಎರಡೂ ಒಂದೇ ಅಚ್ಚಿನಲ್ಲಿ ಸೇರಿಹೋಗಿವೆ. ಅದನ್ನು ಕೆರೆದು, ಸೂಕ್ಷ್ಮ ತಂತಿ ಬೆಸೆದು ಓದುವ ಕೂಲಿ ಪೆನ್‌ಡ್ರೈವಿನ ಬೆಲೆಯ ಎಷ್ಟೋ ಪಟ್ಟು ಆಗುತ್ತದೆ, ಫೈಲು ಸಿಕ್ಕೇ ಸಿಗುತ್ತದೆಂದು ಮೊದಲೇ ಹೇಳುವುದು ಆ ಪರಿಣತರಿಂದಲೂ ಆಗುವುದಿಲ್ಲ.